ಮಂಗಳೂರ ಹನಮವ್ವನ ಗಂಡನ ಹೆಸರು

ತನ್ನ ಮೇಲೆ ತನಗೇ ನಂಬಿಕೆ ಇಲ್ಲ ಎಂಬ ಮಾತನ್ನು ನರ್ಸ್ ಆದವಳು ಬಾಯಿಬಿಟ್ಟು ಹೇಳಬಾರದು. ಅಡುಗೆ ಮಾಡುವವರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂದರೆ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಬಹುದು. ನಮಗೆ ಆ ಅನುಕೂಲವಿಲ್ಲ. ಆದರೂ ಹೇಳಿಬಿಡುತ್ತೇನೆ. ಕೋರ್ಸು ಮುಗಿಸಿ ಕುಷ್ಟಗಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಗೆ ಸೇರಿದ ಮೊದಲ ಮೂರು ತಿಂಗಳು ಪ್ರತಿ ಕೆಲಸವನ್ನೂ ನಾನು ಎರಡೆರಡು ಸಲ ಮಾಡಿದೆ. ಬಿ.ಪಿ. ನೋಡಿ, ಬರೆದು, ಹತ್ತು ಹೆಜ್ಜೆ ಹೋಗಿ, ಮತ್ತೆ ಬಂದು ನೋಡುತ್ತಿದ್ದೆ. ನಾನು ವಾಪಸು ಬಂದದ್ದನ್ನು ಕಂಡು ರೋಗಿಗೆ ಗಾಬರಿಯಾಗಿ ಎರಡನೆಯ ಸಲ ಬಿ.ಪಿ. ನಿಜಕ್ಕೂ ಏರಿರುತ್ತಿತ್ತು. ಎರಡರಲ್ಲಿ ಯಾವುದನ್ನು ಬರೆಯಬೇಕು ಎಂಬುದು ಆಮೇಲಿನ ಸಂಶಯ.

ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಶಾಂತಕ್ಕ ಇದಕ್ಕೆ ಪೂರ್ತಿ ವಿರುದ್ಧ. ರೋಗಿಯ ಜೊತೆ ಮಳೆ ಬೆಳೆ ಮಾತಾಡುತ್ತಲೇ ಸೂಜಿ ಚುಚ್ಚಿ ಮುಗಿಸಿರುತ್ತಿದ್ದರು. ನಾನು ನರ ಹುಡುಕುವುದನ್ನು ನೋಡಿ ಒಮ್ಮೆ, "ರೇಣುಕಾ, ಅದು ಕೈ ಐತಿ, ಹೊಲ ಅಲ್ಲ. ಅಷ್ಟು ಹುಡುಕಬ್ಯಾಡ" ಎಂದರು. ರೋಗಿಯೂ ನಕ್ಕ. ನಾನೂ ನಕ್ಕೆ. ಮನೆಗೆ ಹೋಗಿ ಅತ್ತೆ.

ಅತ್ತ ಮೇಲೆ ಮನುಷ್ಯರು ನಿರ್ಧಾರ ತೆಗೆದುಕೊಳ್ಳುತ್ತಾರೆ. ಕೊಪ್ಪಳದ ಒಂದು ಹಲ್ಲಿನ ದವಾಖಾನೆಯಲ್ಲಿ ಕುರ್ಚಿಯ ಮೇಲೆ ಕುಳಿತು ಫೋನ್ ಎತ್ತುವ, ಬಂದವರ ಹೆಸರು ಬರೆದುಕೊಳ್ಳುವ ಕೆಲಸವಿದೆ ಎಂದು ಗೊತ್ತಾಯಿತು. ಹೆಸರು ಬರೆಯುವುದರಲ್ಲಿ ಯಾರ ಜೀವವೂ ಹೋಗುವುದಿಲ್ಲ ಎಂದು ಲೆಕ್ಕ ಹಾಕಿ ಅರ್ಜಿ ಕೊಟ್ಟೆ. ಅವರೂ ಸೋಮವಾರ ಬಂದು ಸೇರಿಕೊಳ್ಳಿ ಎಂದರು. ಕೊಪ್ಪಳದಲ್ಲೇ ಇರುವ ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಅವಳು, "ನಾಕು ವರ್ಷ ಓದಿದ್ದು ಫೋನ್ ಎತ್ತಾಕೇನು? ಇರ್ಲಿ ಬಿಡು, ನಿನ್ನ ಮನಸ್ಸಿಗೆ ಹೆಂಗ ಬರ್ತೈತಿ ಹಂಗ ಮಾಡು" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಮನಸ್ಸಿಗೆ ಬಂದಂತೆ ಮಾಡು ಎಂದು ನನ್ನಂಥವಳಿಗೆ ಹೇಳಬಾರದು.

ಎರಡು ದಿನ ರಜೆ ಮುಗಿಸಿ ಶನಿವಾರ ಕೆಲಸಕ್ಕೆ ಬಂದೆ. ಸಂಜೆ ಡಾಕ್ಟರಿಗೆ ಹೇಳಿ ಕೆಲಸ ಬಿಡುವುದು ಎಂದು ಮನಸ್ಸಿನಲ್ಲಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಶಾಂತಕ್ಕ, "ನಾಕನೇ ಬೆಡ್ಡಿನ ಮಂಗಳೂರ ಹನಮವ್ವಗ ಇನ್ಸುಲಿನ್ ಕೊಟ್ಟು ಬಾ" ಎಂದರು. ಮಂಗಳೂರು ಎಂದರೆ ಸಮುದ್ರದ ದಂಡೆಯದಲ್ಲ, ನಮ್ಮ ಯಲಬುರ್ಗಾ ಕಡೆಯದು. ಸಕ್ಕರೆ ಕಾಯಿಲೆಯ ಅಜ್ಜಿ, ನಾನು ರಜೆಯಲ್ಲಿದ್ದಾಗ ಸೇರಿದವಳು. ಮುಖ ಗೊತ್ತಿರಲಿಲ್ಲ.

ನಾಲ್ಕನೆಯ ಹಾಸಿಗೆಯಲ್ಲಿ ಒಬ್ಬ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೆಸರು ಕೇಳಿದೆ. "ಹನಮವ್ವ" ಎಂದಳು. ಊರು ಕೇಳಿದೆ. "ಮಂಗಳೂರವ್ವಾ" ಎಂದಳು. ಹಾಸಿಗೆಗೆ ತೂಗುಹಾಕಿದ್ದ ಕೇಸ್ ಶೀಟಿನಲ್ಲಿಯೂ ಅದೇ ಇತ್ತು. ಯಾರಾದರೂ ಇಲ್ಲಿಗೆ ನಿಲ್ಲಿಸಿ ಸೂಜಿ ಹಾಕುತ್ತಿದ್ದರು. ನಾನು ಹತ್ತು ಹೆಜ್ಜೆ ಹೋದ ಮೇಲೆ ವಾಪಸು ಬರುವ ಬದಲು ಈಗಲೇ ಕೇಳಿಬಿಡೋಣ ಎಂದು, "ನಿಮ್ಮ ಯಜಮಾನ್ರ ಹೆಸರೇನ್ರಿ?" ಎಂದೆ.

ಅಜ್ಜಿ ತಿರುಗಿ ನನ್ನನ್ನು ನೋಡಿದಳು. ಮಲಗಿದಲ್ಲಿಯೇ ಸೆರಗು ಬಾಯಿಗೆ ಹೋಯಿತು.

"ಅವರ ಹೆಸರು ನಾವು ಹೇಳಬಾರದವ್ವಾ."

"ಇಲ್ಲಿ ಹೇಳಬೇಕ್ರಿ."

"ಲಗ್ನ ಆಗಿ ಐವತ್ತು ವರ್ಷ ಆತು, ಇಲ್ಲೀತನಕ ಹೇಳಿಲ್ಲ. ಈಗ ಸೂಜಿ ಸಲುವಾಗಿ ಹೇಳ್ಲೇನು?"

ಪಕ್ಕದ ಹಾಸಿಗೆಗಳವರು ಎದ್ದು ಕುಳಿತರು. ನಾನು ಹಟ ಬಿಡಲಿಲ್ಲ. ಕೊನೆಗೆ ಅಜ್ಜಿ ಗೋಡೆಗೆ ಹೇಳುವಂತೆ, "ಶಿವನ ಗುಡ್ಯಾಗ ಎದುರಿಗೆ ಕುಂತಿರತಾನಲ್ಲ, ಆತನ ಹೆಸರ" ಎಂದಳು.

"ನಂದೆಪ್ಪ ಏನ್ರಿ?"

"ಅಲ್ಲವ್ವಾ, ಆತಗ ಇನ್ನೊಂದು ಅಂತಾರಲ್ಲ."

"ಬಸಪ್ಪ?"

ಅಜ್ಜಿ ಸೆರಗನ್ನು ಪೂರ್ತಿ ಮುಖಕ್ಕೆ ಎಳೆದುಕೊಂಡಳು. ಹೌದು ಎಂದು ಅರ್ಥ. ನಾನು ಶೀಟ್ ನೋಡಿದೆ. ಹನಮವ್ವ, ಗಂಡ ದುರಗಪ್ಪ ಎಂದಿತ್ತು.

ಸಿರಿಂಜಿನ ಮೇಲೆ ಮುಚ್ಚಳ ಹಾಕಿ ಟ್ರೇನಲ್ಲಿ ಇಟ್ಟೆ. ದುರಗಪ್ಪ ಯಾರ ಮನೆಯವರು ಎಂದು ವಾರ್ಡಿಗೆಲ್ಲ ಕೇಳುವಂತೆ ಕೇಳಿದೆ. ಏಳನೆಯ ಹಾಸಿಗೆಯಲ್ಲಿದ್ದ ಇನ್ನೊಬ್ಬ ಅಜ್ಜಿ ಆಗ, "ದುರಗಪ್ಪ ನಮ್ಮ ಮನಿಯವರು" ಎಂದು ಸಲೀಸಾಗಿ ಹೇಳಿದಳು. ಅವಳೂ ಹನಮವ್ವ, ಅವಳೂ ಮಂಗಳೂರಿನವಳು, ಸಕ್ಕರೆ ಕಾಯಿಲೆ ಅವಳದು. ನಾಲ್ಕನೆಯದರ ಮೇಲಿನ ಫ್ಯಾನಿನ ಗಾಳಿಗೆ ಇವಳ ಮೊಣಕಾಲು ನೋಯುತ್ತಿತ್ತು, ಏಳನೆಯದರಲ್ಲಿ ಜ್ವರಕ್ಕೆ ಸೇರಿದ್ದ ಆ ಹನಮವ್ವನಿಗೆ ಸೆಕೆಯಾಗುತ್ತಿತ್ತು. ಒಂದೇ ಓಣಿಯವರು, ಬೆಳಿಗ್ಗೆ ಯಾರಿಗೂ ಹೇಳದೆ ಹಾಸಿಗೆ ಬದಲಿಸಿಕೊಂಡಿದ್ದರು. ಜ್ವರದ ಹನಮವ್ವ ಎರಡು ದಿನದಿಂದ ಅನ್ನ ಮುಟ್ಟಿರಲಿಲ್ಲ. ಖಾಲಿ ಹೊಟ್ಟೆಗೆ ಆ ಸೂಜಿ ಬಿದ್ದು ರಕ್ತದ ಸಕ್ಕರೆ ಇಳಿದಿದ್ದರೆ ಏನಾಗುತ್ತಿತ್ತು ಎಂದು ಪುಸ್ತಕದಲ್ಲಿ ಓದಿದ್ದೆ. ಅದು ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ.

ಶಾಂತಕ್ಕನಿಗೆ ಹೇಳಿದೆ. ಅವರು ಬಂದು ಎರಡೂ ಶೀಟ್ ನೋಡಿ, ಹೆಸರು ಬರೆದ ಪಟ್ಟಿಯನ್ನು ಇಬ್ಬರ ಕೈಗೂ ತಾವೇ ಕಟ್ಟಿದರು. ಆಮೇಲೆ ನನ್ನನ್ನು ಔಷಧಿ ಕೋಣೆಗೆ ಕರೆದು, "ಗಂಡನ ಹೆಸರು ಯಾಕ ಕೇಳಿದಿ?" ಎಂದರು.

"ಸಂಶಯ ಬಂತ್ರಿ."

"ಯಾತರ ಮ್ಯಾಲೆ?"

"ನನ್ನ ಮ್ಯಾಲೇ ರಿ."

ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. "ನಾನಾಗಿದ್ರ ಹಾಕಿ ಬಂದುಬಿಡ್ತಿದ್ದೆ" ಎಂದು ಮೆಲ್ಲಗೆ ಹೇಳಿ ಸ್ಟೂಲಿನ ಮೇಲೆ ಕುಳಿತರು. ಅವರು ಕೆಲಸದ ನಡುವೆ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರಿಗೆ ನೀರು ತಂದುಕೊಟ್ಟೆ. ಸಂಜೆ ಡಾಕ್ಟರು ಬಂದಾಗ ಕೆಲಸ ಬಿಡುವ ಮಾತು ಎತ್ತಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ.

ಜ್ವರ ಬಿಟ್ಟು ಊರಿಗೆ ಹೊರಟ ಹನಮವ್ವ ನನ್ನನ್ನು ಪಕ್ಕಕ್ಕೆ ಕರೆದು, "ಯವ್ವಾ, ನನ್ನ ಬಾಯಾಗಿಂದ ಅವರ ಹೆಸರು ಬಂದದ್ದು ಯಾರ ಮುಂದೂ ಹೇಳಬ್ಯಾಡ" ಎಂದಳು. ಬಂದದ್ದು ನನ್ನ ಬಾಯಿಂದ, ನಿಮ್ಮ ಬಾಯಿಂದಲ್ಲ ಎಂದು ಸಮಾಧಾನ ಹೇಳಿದೆ. ಅವಳಿಗೆ ಅದು ಭಾಳ ಹಿಡಿಸಿತು.

ಸೋಮವಾರ ಬೆಳಿಗ್ಗೆ ಹಲ್ಲಿನ ದವಾಖಾನೆಗೆ ಫೋನ್ ಮಾಡಿ, ನಾನು ಬರುವುದಿಲ್ಲ ಎಂದೆ. ಅಲ್ಲಿಯ ಹೆಣ್ಣುಮಗಳು, "ಪಕ್ಕಾ ಏನ್ರಿ? ಬ್ಯಾರೇರಿಗೆ ಹೇಳಿಬಿಡ್ತೀವಿ ಮತ್ತ" ಎಂದಳು. "ಪಕ್ಕಾ ರೀ" ಎಂದೆ. ನನ್ನ ಬಾಯಿಂದ ಆ ಶಬ್ದ ಅಷ್ಟು ಗಟ್ಟಿಯಾಗಿ ಬಂದದ್ದು ಕೇಳಿ ನನಗೇ ಹೆಮ್ಮೆಯಾಯಿತು. ಫೋನ್ ಇಟ್ಟು, ಯೂನಿಫಾರ್ಮ್ ಹಾಕಿಕೊಂಡು, ಕೋಣೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದೆ. ಅಲ್ಲಿ ನಿಂತು ಮೊಬೈಲು ತೆಗೆದು, ನಾನು ಬರುವುದಿಲ್ಲ ಎಂದು ಹೇಳಿದ್ದು ಅದೇ ದವಾಖಾನೆಗೇ ಹೌದೋ ಅಲ್ಲವೋ ಎಂದು ನಂಬರು ನೋಡಿದೆ.