ಕೊನೆಯ ಖೋಲಿ

ನೀಲಕಂಠಪ್ಪ ಸೀನಿದ್ದು ಒಂದೇ ಒಂದು ಸಲ. ಅದೂ ಅವ್ವ ಒಲೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿದ್ದಾಗ. ಆದರೆ ಐವತ್ತೇಳರ ಆ ಮಳೆಗಾಲದಲ್ಲಿ ಹುಬ್ಬಳ್ಳಿಯಲ್ಲಿ ಸೀನುವುದೆಂದರೆ ಪೊಲೀಸರ ಮುಂದೆ ಕಳ್ಳತನ ಒಪ್ಪಿಕೊಂಡ ಹಾಗೆ. ಪಕ್ಕದ ಮನೆಯ ಮುತ್ತವ್ವ ಗೋಡೆಯಾಚೆಯಿಂದಲೇ ಕೂಗಿದಳು:

"ಚನ್ನಬಸವ್ವಾ, ನಿನ್ನ ಮಗಗ ಫ್ಲೂ ಹತ್ತೇತಿ! ಕೊನೀ ಖೋಲಿಗೆ ಕಳಸು!"

ಕೇಶ್ವಾಪುರದ ಆ ಚಾಳಿನಲ್ಲಿ ಕೊನೆಯ ಖೋಲಿ ಖಾಲಿಯಿತ್ತು. ಫ್ಲೂ ಬಂದವರು ಏಳು ದಿನ ಅಲ್ಲಿರಬೇಕು. ಕಿಟಕಿಯಿಂದ ಗಂಜಿ. ಬಾಗಿಲ ಹತ್ತಿರ ಯಾರೂ ಸುಳಿಯಕೂಡದು. ಇದು ಮುತ್ತವ್ವನ ಕಾನೂನು.

ನೀಲಕಂಠಪ್ಪನಿಗೆ ಮದುವೆಯಾಗಿ ಮೂರೇ ತಿಂಗಳು. ಆಷಾಢಕ್ಕೆ ತವರಿಗೆ ಹೋದ ಹೆಂಡತಿ ಶರಣವ್ವ ಪಂಚಮಿಯನ್ನೂ ಅಲ್ಲೇ ಮುಗಿಸಿ, ಉಂಡಿಯ ಡಬ್ಬಿ ಹಿಡಿದು ಇಂದು ಬೆಳಿಗ್ಗೆಯಷ್ಟೇ ಬಂದಿದ್ದಳು. ನಲವತ್ತು ರಾತ್ರಿ ಅವನು ಜಂತಿ ಎಣಿಸಿದ್ದ. ಮನೆಯಲ್ಲೋ ನಡುವೆ ಒಂದು ಪರದೆ, ಪರದೆಯಾಚೆ ನಿದ್ದೆ ಬಾರದ ಅವ್ವ. ಅದೂ ಇರಲಿ, ಇನ್ನೂ ಏಳು ದಿನವೇ?

"ಅದು ಮೆಣಸಿನಕಾಯಿ ಸೀನವ್ವಾ!" ಎಂದು ನೀಲಕಂಠಪ್ಪ ಗೋಡೆಯತ್ತ ಕೂಗಿದ.

"ಎಲ್ಲಾರೂ ಹಂಗ ಅಂತಾರ," ಎಂದಳು ಮುತ್ತವ್ವ. "ಹೆಂಡ್ತಿ ಬಂದಾಳಂತ ಜಡ್ಡು ಮುಚ್ಚಿಡಬ್ಯಾಡಪಾ."

ಬಾಗಿಲ ಸಂದಿಯಿಂದ ಶರಣವ್ವ ಕಣ್ಣಿನಲ್ಲೇ ಏನೋ ಹೇಳುತ್ತಿದ್ದಳು. ನೋಡುವ ತಾಳ್ಮೆ ಅವನಿಗೆಲ್ಲಿ?

"ಡಾಕ್ಟರ ಚೀಟಿ ತರತೇನಿ. ಆಗರ ನಂಬ್ತೀರಲ್ಲ, ಕಾಕು?" ಎಂದವನೇ ಸೈಕಲ್ ಹತ್ತಿದ.

ದುರ್ಗದಬೈಲಿನ ದವಾಖಾನೆಯ ಮುಂದೆ ಅರ್ಧ ಊರೇ ಮೂಗು ಒರೆಸಿಕೊಳ್ಳುತ್ತ ನಿಂತಿತ್ತು. ನೀಲಕಂಠಪ್ಪ ಕಾದ ಹಂಚಿನ ಮೇಲಿನ ಅರಳಿನಂತೆ ಚಡಪಡಿಸಿದ. ಮೂರು ತಾಸಿನ ಮೇಲೆ ಡಾಕ್ಟರು ನಾಡಿ ಹಿಡಿದು, ನಾಲಗೆ ನೋಡಿ, "ಏನೂ ಆಗಿಲ್ಲಲ್ಲೋ ನಿನಗ! ಯಾಕ ಬಂದಿ?" ಎಂದರು.

"ಅದನ್ನ ಬರದು ಕೊಡ್ರಿ. ಸಿಕ್ಕಾ ಹೊಡದು ಕೊಡ್ರಿ. ಹೆಂಡ್ತಿ ಬಂದಾಳ್ರಿ..."

ಡಾಕ್ಟರು ನಕ್ಕು, ಚೀಟಿ ಬರೆದು ಮೊಹರಿನ ಎರಡು ಸಿಕ್ಕಾ ಹೊಡೆದರು.

ಮುಸ್ಸಂಜೆಗೆ ಮನೆ ಮುಟ್ಟಿದ. ಮುತ್ತವ್ವ ಸಿಕ್ಕಾದ ಮೇಲೆ ಬೆರಳಾಡಿಸಿ, "ಖರೇ ಐತಿ. ಇವಗೇನೂ ಇಲ್ಲ," ಎಂದು ಒಪ್ಪಿದಳು.

"ಅಕಿ ಎಲ್ಲಿ, ಅವ್ವಾ?"

"ನೀ ಹೋದ ಮ್ಯಾಲೆ ಅಕೀನೂ ಸೀನಿದಳಪಾ. ಒಂದಲ್ಲ, ಹದಿನೇಳು! 'ಇಬ್ಬರಿಗೂ ಜಡ್ಡು ಐತ್ರಿ ಅತ್ತಿ, ಇಬ್ಬರಿಗೂ ಒಂದ ಖೋಲಿ ಸಾಕು' ಅಂತ ತಾನ ಹೋಗಿ ಎರಡು ಹಾಸಿಗಿ ಹಾಸ್ಯಾಳ. ಈಗ ನಿಂದು ತಗೀಬೇಕು ನೋಡು."

ನೀಲಕಂಠಪ್ಪ ಕೊನೆಯ ಖೋಲಿಯ ಕಿಟಕಿಗೆ ಓಡಿದ. ಒಳಗೆ ಶರಣವ್ವ ತಲೆತುಂಬ ಮಲ್ಲಿಗೆ ಮುಡಿದು, ಉಂಡಿಯ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ಒಂದು ಸೀನೂ ಇರಲಿಲ್ಲ.

"ಏಳು ದಿನ ಯಾರೂ ಈ ಕಡೆ ಸುಳೀತಿರಲಿಲ್ಲ," ಎಂದು ಪಿಸುಗುಟ್ಟಿದಳು. "ಕಣ್ಣಿಲೆ ಅಷ್ಟು ಹೇಳಿದೆ. ಎಂಥಾ ಶಾಣ್ಯಾರ್ರೀ ನೀವು!"

ಅವನು ಅಡಿಗೆಮನೆಗೆ ಹಾರಿ ಖಾರಪುಡಿಯ ಡಬ್ಬಿಯಲ್ಲಿ ಮೂಗಿಟ್ಟ. ಚಾಳು ಅದುರುವಂತೆ ಸೀನಿದ. ಮತ್ತೆ ಸೀನಿದ. ಕಣ್ಣು ಮೂಗು ಸುರಿಸುತ್ತ ಹೊರಗೆ ಬಂದು, "ಕಾಕು, ಫ್ಲೂ! ನನ್ನನ್ನೂ ಒಳಗ ಹಾಕ್ರಿ!" ಎಂದ.

ಮುತ್ತವ್ವ ಅಷ್ಟರಲ್ಲಿ ಚೀಟಿಯನ್ನು ಅವನ ಮನೆಯ ಬಾಗಿಲಿಗೆ ಮೊಳೆ ಹೊಡೆದು ಮುಗಿಸಿದ್ದಳು. ಎರಡೂ ಸಿಕ್ಕಾ ತೋರಿಸಿ, ಬಲು ಅಕ್ಕರೆಯಿಂದ ಹೇಳಿದಳು:

"ಅದು ಮೆಣಸಿನಕಾಯಿ ಸೀನಪಾ."