ಬೀರಣ್ಣನ ನಕ್ಷತ್ರಪಟ ಮತ್ತು ಕಚೇರಿಯ ಕನ್ನಡಿ

೧೯೭೪ರಲ್ಲಿ ಮುದ್ದೇಬಿಹಾಳ ತಾಲೂಕಿನ ಮಳೆ ನಕ್ಷತ್ರಗಳನ್ನು ಶಿಸ್ತಿಗೆ ತರುವ ಸಲುವಾಗಿ ತಾಳಿಕೋಟೆಯಲ್ಲಿ ಮಳೆ ನಕ್ಷತ್ರ ಮುದ್ರಣ ಕಚೇರಿಯನ್ನು ತೆರೆಯಲಾಯಿತು. ನಾನು ಅಲ್ಲಿ ಗುಮಾಸ್ತ. ನಕ್ಷತ್ರಗಳಿಗೆ ಈ ವಿಷಯ ತಿಳಿಸಿರಲಿಲ್ಲ.

ತಂಗಡಗಿಯ ಕುರಿಗಾರ ಬೀರಣ್ಣನಿಗೆ ಆಕಾಶ ಬಾಯಿಪಾಠ. ಕುರಿಗಳಿಗೆ ಬಣ್ಣದ ಗುರುತು ಒತ್ತುವ ಕಟ್ಟಿಗೆಯ ಅಚ್ಚು ಕೆತ್ತುವುದೂ ಗೊತ್ತು. ಆದ್ದರಿಂದ ಓದು ಬಾರದ ರೈತರಿಗಾಗಿ ಅಕ್ಷರವಿಲ್ಲದ ನಕ್ಷತ್ರಪಟ ಕೆತ್ತುವ ಕೆಲಸ ಅವನಿಗೇ ಬಂತು. ಮಿರಗ, ಅಂದರೆ ಮೃಗಶಿರ ಮಳೆಯ ಮೂರು ಚುಕ್ಕಿ, ಅದರ ಕೆಳಗೆ ಬಿತ್ತುವ ಕೂರಿಗಿ. ಹೀಗೇ ಮಳೆಗೊಂದು ಚಿತ್ರ ಸಾಗಿ, ಕೊನೆಗೆ ಸ್ವಾತಿಯ ಒಂಟಿ ಚುಕ್ಕಿ, ಕೆಳಗೆ ಕಾಳಿನ ರಾಶಿ. ಪಟದ ಎಡಗಡೆಯ ಮೊದಲ ಚಿತ್ರವೇ ಜೂನ್ ಎಂದೂ, ಪಟ ನೋಡಿಯೇ ಕಚೇರಿ ಬಿತ್ತನೆ ಬೀಜ ಕೊಡತಕ್ಕದ್ದೆಂದೂ ನಿಯಮವಾಯಿತು.

ಅಚ್ಚನ್ನು ತಪಾಸಣೆ ಮಾಡಿದ ಸಾಹೇಬ ಗುರುಲಿಂಗಪ್ಪನವರು ಗಾಬರಿಯಾದರು. ಕೂರಿಗಿ ಬಲಕ್ಕಿತ್ತು.

“ಉಲ್ಟಾ ಕೆತ್ತೀಯಲ್ಲೋ!”

“ಅಚ್ಚು ಉಲ್ಟಾ ಇದ್ರನ ಹಾಳ್ಯಾಗ ಸೀದಾ ಬೀಳತೈತ್ರಿ ಸಾಹೇಬ್ರ.”

“ಸರಕಾರಕ್ಕ ಉಲ್ಟಾ ಸಾಮಾನ ಕೊಡಾಕ ಬರೂದಿಲ್ಲ. ನೆಟ್ಟಗ ಕೆತ್ಕೊಂಡ ಬಾ.”

ಬೀರಣ್ಣ ನೆಟ್ಟಗೆ ಕೆತ್ತಿದ. ಪಟ ಉಲ್ಟಾ ಬಿತ್ತು. ಜೂನ್‌ನಲ್ಲಿ ರಾಶಿ, ಅಕ್ಟೋಬರಿನಲ್ಲಿ ಬಿತ್ತನೆ ಎಂದು ಊರೂರಿಗೂ ಹಂಚಲಾಯಿತು.

ಆ ವರ್ಷ ಮಿರಗ ಹದವಾಗಿ ಸುರಿಯಿತು. ಬೀರಣ್ಣನ ಹೆಂಡತಿ ತಿಪ್ಪವ್ವ ತೊಗರಿ ಬೀಜಕ್ಕೆಂದು ಕಚೇರಿಗೆ ಓಡಿಬಂದಳು.

“ಪಟದ ಪ್ರಕಾರ ಈಗ ರಾಶಿ ಕಾಲ. ಮೊದಲ ರಾಶಿ ತೋರಸವಾ, ಆಮ್ಯಾಲ ಬೀಜ,” ಎಂದರು ಸಾಹೇಬರು.

“ಬಿತ್ತಲಾರದ ರಾಶಿ ಎಲ್ಲಿಂದ ತರ್ಲಿರಿ? ಮೂರು ದಿನದಾಗ ಹೊಲದ ಹಸಿ ಆರ್ತೈತಿ. ಆಮ್ಯಾಲ ಬೀಜ ತಗೊಂಡು ತಲಿಮ್ಯಾಲ ಸುರಕೊಳ್ಳೇನ್ರಿ?”

“ತಲಿಮ್ಯಾಲ ಸುರಕೊಳ್ಳಾಕ ಬ್ಯಾರೆ ಅರ್ಜಿ ಐತಿ.”

ನನಗೆ ಅಯ್ಯೋ ಅನ್ನಿಸಿತು. ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲವಾದ್ದರಿಂದ ಆ ಅರ್ಜಿಯ ನಮೂನೆ ಹುಡುಕತೊಡಗಿದೆ.

ಮರುದಿನ ತಿಪ್ಪವ್ವ ಕುಂಕುಮ ಇಟ್ಟುಕೊಳ್ಳುವ ಕನ್ನಡಿ ತಂದು ಪಟದೆದುರು ಹಿಡಿದಳು. ಕನ್ನಡಿಯಲ್ಲಿ ಕೂರಿಗಿ ಎಡಕ್ಕೆ ಬಂತು. ಸಾಹೇಬರು ಮೂರು ಸಲ ನೋಡಿ ಒಪ್ಪಿದರು. ಆದರೆ ಬಿತ್ತನೆ ಕಾಲ ಬಂದಿರುವುದು ಕನ್ನಡಿಯೊಳಗಾದ್ದರಿಂದ, ಬೀಜ ಕನ್ನಡಿಯೊಳಗಿನ ತಿಪ್ಪವ್ವಳಿಗೇ ಸಲ್ಲತಕ್ಕದ್ದು, ಅವಳೇ ಎಡಗೈ ಹೆಬ್ಬೆಟ್ಟು ಒತ್ತತಕ್ಕದ್ದು ಎಂದರು. ಹೊರಗಿನ ತಿಪ್ಪವ್ವ ಬಲಗೈ ಒತ್ತಿದಳು. ಒಳಗಿನವಳದು ಎಡಗೈ ಆಯಿತು. ಬೀಜ ಮಂಜೂರಾಯಿತು. ಚೀಲ ಮಾತ್ರ ಹೊರಗಿನವಳೇ ಹೊರಬೇಕಾಯಿತು.

ತರುವಾಯ ಸುತ್ತೋಲೆ ಹೊರಟಿತು: “ನಕ್ಷತ್ರಪಟವನ್ನು ಕನ್ನಡಿಯಲ್ಲಿ ಮಾತ್ರ ನೋಡತಕ್ಕದ್ದು. ಬರಿಗಣ್ಣಿಗೆ ಕಂಡ ಮಳೆಗೆ ಕಚೇರಿ ಜವಾಬ್ದಾರಿಯಲ್ಲ.” ಊರಿಗೊಂದು ಕನ್ನಡಿ ಸಾಹೇಬರ ಅಳಿಯನ ಅಂಗಡಿಯಿಂದ ಹೋಯಿತು. ಅಂಗಡಿ ಸುತ್ತೋಲೆಯ ಹಿಂದಿನ ದಿನ ಶುರುವಾಗಿತ್ತು.

ಮರುವರ್ಷ ಬೀರಣ್ಣ ತನ್ನ ಮೊದಲಿನ ಅಚ್ಚಿನಿಂದಲೇ ಪಟ ಒತ್ತಿ ತಂದ. ಕೂರಿಗಿ ಎಡಕ್ಕೆ, ರಾಶಿ ಬಲಕ್ಕೆ, ಎಲ್ಲ ಸರಿಯಾಗಿತ್ತು. ಸಾಹೇಬರು ಕನ್ನಡಿ ಹಿಡಿದು ನೋಡಿದರು. ‘ತಪ್ಪು’ ಎಂದು ಠಸ್ಸೆ ಹೊಡೆದು ವಾಪಸು ಕೊಟ್ಟರು.

“ಸುಮ್ನಿರು, ಬೀಜ ಸಿಗಾಕತ್ತಾವಲ್ಲ,” ಎಂದಳು ತಿಪ್ಪವ್ವ.

ಈ ಸಲ ಮಿರಗದ ಹೊತ್ತಿಗೆ ತಂಗಡಗಿಗೆ ಹೋಗಿದ್ದೆ. ಬೀರಣ್ಣ ಮೋಡಕ್ಕೆ ಬೆನ್ನು ಮಾಡಿ ಕೂತು, ಕನ್ನಡಿಯಲ್ಲಿ ನೋಡುತ್ತಿದ್ದ.

“ಮಳಿ ಹೆಂಗೈತೋ ಬೀರಣ್ಣ?”

“ಇನ್ನೂ ಕನ್ನಡ್ಯಾಗ ಬಂದಿಲ್ರಿ.”

ನನ್ನ ಅಂಗಿ ಆಗಲೇ ತೊಯ್ದು ಮೈಗೆ ಅಂಟಿತ್ತು. ಆದರೂ ಅವನ ಪಕ್ಕ ಕೂತು, ಕನ್ನಡಿಯಲ್ಲಿ ಖಾತ್ರಿಯಾದ ಮೇಲೆಯೇ ಕೊಡೆ ಬಿಚ್ಚಿದೆ.