ಮನೆ ಚೆನ್ನಾಗಿದೆ, ಆದ್ರೆ ಬೇಡ

ಮನೆ ಮಾರಾಟಕ್ಕಿದೆ ಅಂತ ಗೇಟಿಗೆ ಒಂದು ಬೋರ್ಡು ನೇತುಹಾಕಿ ನೋಡಿ. ವಾರಕ್ಕೊಬ್ಬ ಮಹಾನುಭಾವ ಬಂದೇ ಬರ್ತಾನೆ, ವಾರಕ್ಕೊಂದು ಪ್ರಸಂಗ ಆಗೇ ಆಗುತ್ತೆ. ತಿಪಟೂರಿನ ನಮ್ಮ ಮನೆಗೆ ನಾನು ಬೋರ್ಡು ಹಾಕಿ ವರ್ಷವಾಯ್ತು. "ಮನೆ ಚೆನ್ನಾಗಿದೆ" ಅಂದವರಿಗೆ ಲೆಕ್ಕವಿಲ್ಲ, ತಗೊಂಡವರು ಯಾರೂ ಇಲ್ಲ.

ನಾನು ಬಸ್ ಕಂಡಕ್ಟರ್ ಆಗಿ ರಿಟೈರ್ ಆದೋನು. ಟೈರು ಮುಟ್ಟಿ ನೋಡಿ "ಈ ಬಸ್ಸು ಬೇಡ" ಅಂತ ಇಳಿದು ಹೋದ ಒಬ್ಬ ಪ್ಯಾಸೆಂಜರನ್ನೂ ಕಂಡವನಲ್ಲ. ನನ್ನ ಹೆಂಡತಿ ನೊಣವಿನಕೆರೆಯಲ್ಲಿ ಟೀಚರ್. ದಿನಾ ಬಸ್ಸಲ್ಲಿ ನಿಂತೂ ನಿಂತೂ ಮಂಡಿನೋವು ಬಂದು, ಸ್ಕೂಲ್ ಪಕ್ಕದಲ್ಲೇ ಒಂದು ಮನೆ ನೋಡಿಟ್ಟಿದ್ದಳು. ಇದನ್ನ ಮಾರಿದ್ರೆ ಅದನ್ನ ತಗೋಬಹುದು. "ಬೇಸಿಗೆ ರಜ ಮುಗಿಯೋದ್ರೊಳಗೆ ಮಾರ್ಲಿಲ್ಲ ಅಂದ್ರೆ ನಾನೊಬ್ಬಳೇ ಅಲ್ಲಿ ರೂಮು ಮಾಡ್ಕೊಂಡು ಹೋಗ್ತೀನಿ. ನೀವಿಲ್ಲಿ ಮುದ್ದೆ ಮಾಡ್ಕೊಂಡು ತಿನ್ಕೊಂಡಿರಿ" ಅಂದಳು. ನಾನು ಮಾಡಿದ ಮುದ್ದೆ ನಾಯಿಯೂ ಮೂಸಲ್ಲ. ಹಾಗಾಗಿ ಬಂದೋರಿಗೆಲ್ಲ ಹಲ್ಲು ಕಿರಿದುಕೊಂಡು ಕಾಫಿ ಕೊಟ್ಟೆ.

ದಿಕ್ಕು ನೋಡಿದವರು

ಮೊದಲು ಬಂದವನು ಒಬ್ಬ ಬಟ್ಟೆ ಅಂಗಡಿಯವನು. ಮನೆ ಒಪ್ಪಿದ. ಮಾರನೇ ದಿನ ವಾಸ್ತು ನೋಡೋನನ್ನ ಕರ್ಕೊಂಡು ಬಂದ. ಸಂಜೆ ಹೊತ್ತು, ಬಾಗಿಲಿಗೆ ಬೆನ್ನು ಹಾಕಿ ನಿಂತ್ರೆ ಎದುರಿಗೇ ಸೂರ್ಯ ಮುಳುಗ್ತಾ ಇದ್ದಾನೆ. ವಾಸ್ತುವಿನವನು ಕಬ್ಬಿಣದ ಗೇಟಿಗೆ ಒರಗಿಕೊಂಡು ಮೊಬೈಲಿನ ದಿಕ್ಸೂಚಿ ನೋಡಿ, "ಇದು ಪೂರ್ವ. ಬಾಗಿಲು ಸರಿ, ಆದ್ರೆ ಅಡುಗೆಮನೆ ಎಲ್ಲಾ ಉಲ್ಟಾ" ಅಂದ.

"ಸ್ವಾಮಿ, ಅಲ್ಲಿ ಸೂರ್ಯ ಮುಳುಗ್ತಾ ಇದ್ದಾನಲ್ರೀ!"

"ಸೂರ್ಯನ್ನ ಬುಡಿ. ಮೊಬೈಲ್ ಏನು ಹೇಳುತ್ತೋ ಅದು ಲೆಕ್ಕ."

ಬಟ್ಟೆ ಅಂಗಡಿಯವನು ಒಂದು ಸಲ ಸೂರ್ಯನ್ನ ನೋಡಿದ, ಒಂದು ಸಲ ಮೊಬೈಲ್ ನೋಡಿದ. ಸೂರ್ಯನೇ ತಪ್ಪು ಅಂತ ತೀರ್ಮಾನ ಮಾಡ್ಕೊಂಡು ಹೋದ.

ನಲ್ಲಿ ತಿರುಗಿಸಿದವರು

ಆಮೇಲೆ ಬಂದದ್ದು ಒಂದು ಗಂಡ ಹೆಂಡತಿ ಜೋಡಿ. ನೀರಿನ ಫೋರ್ಸ್ ನೋಡ್ಬೇಕು ಅಂತ ಮನೆಯ ಅಷ್ಟೂ ನಲ್ಲಿ ತಿರುಗಿಸಿ, ಹಾಗೇ ಬಿಟ್ಟು, ಟೆರೇಸ್ ಮೇಲೆ ನಿಂತು ಮುಕ್ಕಾಲು ಗಂಟೆ ಫೋಟೊ ತಗೊಂಡ್ರು. ಕೆಳಗಿಳಿದು ಬರೋ ಹೊತ್ತಿಗೆ ಟ್ಯಾಂಕು ಖಾಲಿ, ಮೋಟ್ರು ಹಾಕೋಣ ಅಂದ್ರೆ ಕರೆಂಟಿಲ್ಲ.

ಆಯಮ್ಮ ಗಂಡನ ಕಿವೀಲಿ ಪಿಸುಗುಟ್ಟಿದ್ದು ನನಗೂ ಕೇಳಿಸ್ತು. "ನಾನು ಹೇಳ್ಲಿಲ್ವಾ? ಈ ಮನೇಲಿ ನೀರೇ ಇಲ್ಲ ಕಣ್ರೀ!"

ಮರಕ್ಕೆ ಹೆದರಿದವರು

ದಬ್ಬೇಘಟ್ಟದ ಕಡೆಯ ಯಜಮಾನರೊಬ್ಬರು ಬಂದ್ರು. ಮುನ್ನೂರು ತೆಂಗಿನ ಮರದ ಒಡೆಯರು. ನೆಲ, ಗೋಡೆ, ಬಾಗಿಲು, ಎಲ್ಲಾ ಆಯ್ತು. ಹಿತ್ತಲಿಗೆ ಹೋದವರೇ ತಲೆ ಮೇಲೆ ಕೈ ಇಟ್ಕೊಂಡು ಒಳಗೆ ಓಡಿ ಬಂದ್ರು. ಪಕ್ಕದ ಮನೆಯ ತೆಂಗಿನ ಮರ ನಮ್ಮ ಹಿತ್ತಲ ಕಡೆ ಸ್ವಲ್ಪ ವಾಲಿದೆ.

"ಕಾಯಿ ಬಿದ್ರೆ ಏನಪ್ಪಾ ಗತಿ?" ಅಂದ್ರು.

ನನಗೆ ಮೈಯೆಲ್ಲಾ ಉರೀತು. "ಯಜಮಾನ್ರೇ, ಹುಟ್ಟಿದಾಗಿನಿಂದ ಮರದ ಕೆಳಗೇ ಓಡಾಡ್ಕೊಂಡಿದ್ದೀರಿ. ಇದೊಂದು ಮರಕ್ಕೆ ಹೆದರ್ತೀರಾ?"

"ಅವು ನಮ್ ಮರ ಕಣಪ್ಪ, ನಮ್ ಮೇಲೆ ಬೀಳಿಸಲ್ಲ. ಬೇರೆಯೋರ ಮರಾನ ಹೆಂಗ್ ನಂಬೋದು?"

ಅಟ್ಟ ಹತ್ತಿದವನು

ರಜ ಮುಗಿಯೋಕೆ ಎರಡು ದಿನ ಇತ್ತು. ಆಗ ಬಂದ ಒಬ್ಬ ಕೊಬ್ಬರಿ ವ್ಯಾಪಾರಿ. ಬಂಗಾರದಂಥ ಮನುಷ್ಯ! ವಾಸ್ತು ಕೇಳಲಿಲ್ಲ, ನಲ್ಲಿ ಮುಟ್ಟಲಿಲ್ಲ, ಮರದ ಕಡೆ ತಿರುಗಿಯೂ ನೋಡಲಿಲ್ಲ. "ನಂಗೆ ಒಪ್ಪಿಗೆ. ನಾಳೆ ಬೆಳಿಗ್ಗೆ ಅಗ್ರಿಮೆಂಟ್ ಮಾಡ್ಕೊಳ್ಳೋಣ" ಅಂದ. ನನ್ನ ಹೆಂಡತಿ ಒಳಗಿಂದ ಎರಡನೇ ಸಲ ಕಾಫಿ ತಂದುಕೊಟ್ಟಳು.

ಅಲ್ಲಿಗೆ ನಾನು ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು. ಆದ್ರೆ ಕೊಬ್ಬರಿ ವ್ಯಾಪಾರಿ ಮನೆಗೆ ಬಂದಾಗ ಅಟ್ಟದ ಕೊಬ್ಬರಿ ತೋರಿಸದೆ ಕಳಿಸೋಕೆ ನಮ್ಮ ಕಡೆಯೋರಿಗೆ ಆಗುತ್ತೇನ್ರೀ? "ಒಂದ್ನಿಮಿಷ ಬನ್ನಿ" ಅಂತ ಏಣಿ ಹತ್ತಿಸಿದೆ.

ಅಟ್ಟದಲ್ಲಿ ಕಾಯಿ ಒಣಗಿ ಕೊಬ್ಬರಿ ಆಗೋಕೆ ಸಾಮಾನ್ಯವಾಗಿ ವರ್ಷ ಬೇಕು. ಆದಮೇಲೆ ಅಲ್ಲಾಡಿಸಿದ್ರೆ ಒಳಗೆ ಗಡಗಡ ಅನ್ನುತ್ತೆ. ಅವನು ಒಂದನ್ನ ಕಿವಿ ಹತ್ರ ಅಲ್ಲಾಡಿಸಿದ. ಗಡಗಡ. ಇನ್ನೊಂದು. ಗಡಗಡ.

"ಕಾಯಿ ಹಾಕಿ ಎಷ್ಟು ದಿನ ಆಯ್ತು?"

ನಾನು ಮೀಸೆ ತಿರುವಿ ಹೇಳಿದೆ. "ಬರೀ ಏಳೇ ತಿಂಗಳು! ಇಡೀ ತಾಲ್ಲೂಕಲ್ಲಿ ಇಂಥ ಅಟ್ಟ ಇನ್ನೊಂದು ತೋರಿಸಿ ನೋಡೋಣ."

ಆ ಮನುಷ್ಯ ಟವಲಿನಲ್ಲಿ ಕತ್ತು ಒರೆಸಿಕೊಂಡ. ಸರಸರನೆ ಏಣಿ ಇಳಿದ. "ಏಳು ತಿಂಗಳಿಗೆ ಕಾಯಿ ಕೊಬ್ಬರಿ ಆಗೋ ಅಷ್ಟು ಸೆಕೆ ಇರೋ ಮನೇಲಿ ನಾನು, ನನ್ನ ಹೆಂಡ್ತಿ ಎಷ್ಟು ದಿನ ತಡೀತೀವಿ ಸ್ವಾಮಿ? ಮನೆ ನೀವೇ ಇಟ್ಕೊಳ್ಳಿ. ಕೊಬ್ಬರಿ ಮಾತ್ರ ಬೇರೆ ಯಾರಿಗೂ ಕೊಡಬೇಡಿ, ನಾಳೆ ಆಟೋ ಕಳಿಸ್ತೀನಿ" ಅಂದುಬಿಟ್ಟ.

ನನ್ನ ಹೆಂಡತಿ ಕಾಫಿ ಲೋಟ ಎತ್ಕೊಂಡು ಒಳಗೆ ಹೋದಳು. ಎರಡು ದಿನ ಕಳೆದ ಮೇಲೆ ಸೂಟ್‌ಕೇಸ್ ಹಿಡ್ಕೊಂಡು ನೊಣವಿನಕೆರೆ ಬಸ್ ಹತ್ತಿದಳು. ನಾನು ಕಿಟಕಿ ಹತ್ರ ಓಡಿ ಹೋಗಿ, "ಸಿಟ್ಟಾಗಬೇಡ ಕಣೇ, ಇನ್ನೂ ಯಾರಾದ್ರೂ ಬಂದೇ ಬರ್ತಾರೆ. ಏನು ಮಾಡ್ಬೇಕು ನೀನೇ ಹೇಳು" ಅಂದೆ.

"ಬಂದ್ರೆ ಬೀಗದ ಕೈ ಪಕ್ಕದ ಮನೇಲಿ ಕೊಟ್ಟು, ನೀವು ಎಲ್ಲಾದ್ರೂ ಹೋಗಿಬಿಡಿ" ಅಂದಳು.